ಕಾಶಿಯಾತ್ರೆಯ ಛತ್ರಿ

ಅನಂತಶಯನ ಗಲ್ಲಿ, ಬೆಳಗಾವಿ
ತಾ. 28-7-1926

ಚಿ. ಬಾಳಕೃಷ್ಣನಿಗೆ,

ನಿನ್ನ ಅಕ್ಕ ಕಾಂತಾ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಖಾನಾಪುರದಲ್ಲಿ ಅವ್ವನ ಕೆಮ್ಮು, ನಿನ್ನ ಸಾಲೆಯ ಹುಡುಗರು, ಮಲಪ್ರಭೆಯ ನೀರು, ಎಲ್ಲ ಹೇಗಿವೆಯೆಂದು ಬರೆ. ನಿನ್ನ ಎರಡು ಕಾರ್ಡಿಗೂ ಉತ್ತರ ಹಾಕಲಿಲ್ಲವೆಂದು ಸಿಟ್ಟಾಗಬೇಡ. ಕಾಶಿಯಿಂದ ಬಂದಾಗಿನಿಂದ ನಾನು ಒಂದು ಕಡೆ ಕೂತರೆ ಕೇಳು. ಪಡಸಾಲೆಯಲ್ಲಿ ಕೂತರೆ ಹಿತ್ತಲಿಗೆ ಹೋಗಬೇಕೆನಿಸುತ್ತದೆ, ಹಿತ್ತಲಿಗೆ ಹೋದರೆ ತಲಬಾಗಿಲಿಗೆ. ಸ್ಟೇಶನ್ನಿನ ಕಡೆಯಿಂದ ರೈಲಿನ ಸಿಳ್ಳು ಕೇಳಿದರೆ ಕೈಯಲ್ಲಿದ್ದ ಸೌಟು ಕೈಯಲ್ಲೇ ನಿಲ್ಲುತ್ತದೆ. ನಿನ್ನೆಯಂತೂ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಬಂದೆಯೇನು ಎಂದು ಅತ್ತೆ ದಿನಾ ಕೇಳುತ್ತಾರೆ.

ನಿನ್ನ ಎರಡೂ ಕಾರ್ಡಿನಲ್ಲಿ ಇರುವುದು ಒಂದೇ ಪ್ರಶ್ನೆ. "ಭಾವ ನಿನ್ನನ್ನು ಕಾಶಿಯಲ್ಲೇ ಇರಿಸಿಕೊಳ್ಳಲಿಲ್ಲವೇ?" ಹೇಳುತ್ತೇನೆ, ತಡಿ. ಮೊದಲು ಯಾತ್ರೆಯ ಸುದ್ದಿ ಕೇಳು. ಹೊರಟ ದಿನ ನೀನು ಬೆಳಗಾವಿ ಸ್ಟೇಶನ್ನಿಗೆ ಬಂದು ನನ್ನ ಟ್ರಂಕು ಎತ್ತಿ ಡಬ್ಬಿಯೊಳಗೆ ಇಡುವಾಗ, ಕಲ್ಲು ತುಂಬಿದ್ದೀಯೇನು ಎಂದು ಚೇಷ್ಟೆ ಮಾಡಿದೆಯಲ್ಲ, ಅತ್ತೆ ಬಾಜೂಕೇ ನಿಂತಿದ್ದರು, ಆಗ ಹೇಳಲಾಗಲಿಲ್ಲ. ಸೀರೆಗಳ ಕೆಳಗೆ ಈಳಿಗೆಮಣೆ ಇತ್ತು. ಲಟ್ಟಣಿಗೆ, ಒಗ್ಗರಣೆಯ ಸೌಟು, ದೇವರ ಮುಂದೆ ಹಚ್ಚುವ ಸಣ್ಣ ಸಮೆ, ಅವ್ವ ಕೊಟ್ಟ ಚಟ್ನಿಪುಡಿ ಎಲ್ಲ ಇದ್ದವು. ಅತ್ತೆ ಗಂಗಾಸ್ನಾನಕ್ಕೆ ಹೊರಟಿದ್ದರು, ಅವರನ್ನು ತಿರುಗಿ ಕರೆತರಲು ಮೈದುನ ಜೊತೆಗಿದ್ದ. ನಾನು ಹೊರಟದ್ದು ಸಂಸಾರ ಹೂಡಲಿಕ್ಕೆ. ಊರಲ್ಲಿ ಕಾಂಗ್ರೆಸ್ಸು ನೆರೆದ ವರ್ಷ ಬಂದು ನಾಲ್ಕು ದಿನ ಇದ್ದು ಹೋದ ಮನುಷ್ಯ, ಎದುರಿಗೇ ಹೋಗಿ ನಿಂತರೆ "ಇಲ್ಲೇ ಇರು" ಅಂದಾರು ಎಂದು ನನ್ನ ಲೆಕ್ಕಾಚಾರ.

ದಾರಿಯುದ್ದಕ್ಕೂ ಅತ್ತೆ ನಿನ್ನ ಹೆಸರು ತೆಗೆದರು. ನಮ್ಮ ಲಗ್ನದ ಕಾಶಿಯಾತ್ರೆ ಅವರಿಗೆ ಇನ್ನೂ ನಿನ್ನೆ ಮೊನ್ನೆಯದು. ನಿನ್ನ ಭಾವ ಪಂಚೆ ಉಟ್ಟು, ಹೊಸ ಛತ್ರಿ ಹಿಡಿದು, ಓದಲಿಕ್ಕೆ ಕಾಶಿಗೆ ಹೊರಟವರ ಸೋಗು ಹಾಕಿ ಅಂಗಳಕ್ಕೆ ಇಳಿದರು. ನೀನು ಅಡ್ಡ ನಿಂತು "ಹೋಗಬ್ಯಾಡ್ರಿ, ನಮ್ಮ ಅಕ್ಕನ್ನ ಕೊಡತೀವಿ" ಎನ್ನಬೇಕು. ಅಪ್ಪ ಎಷ್ಟು ಸಲ ಗಿಣಿಪಾಠ ಮಾಡಿಸಿದ್ದರು! ಆದರೆ ಅದೇ ಅಪ್ಪ, ಹೊರಟವರಿಗೆ ಶತ್ರುವಾದರೂ ಸರಿ "ಹೋಗು" ಅನ್ನಬಾರದು, "ಹೋಗಿ ಬಾ" ಅನ್ನಬೇಕು ಎಂದೂ ನಮಗೆ ಕಲಿಸಿದ್ದರಲ್ಲ. ನೀನು ಛತ್ರಿ ಕಂಡದ್ದೇ ತಡ, ಕೈ ಮುಗಿದು, "ಹೋಗಿ ಬರ್ರಿ" ಅಂದುಬಿಟ್ಟೆ. ಹಂದರವೆಲ್ಲ ನಕ್ಕಿತು. ಅವರೂ ನಕ್ಕು ತಿರುಗಿ ಬಂದು ತಾಳಿ ಕಟ್ಟಿದರು. ಆಮೇಲೆ ಧಾರವಾಡದ ಕಾಲೇಜು ಮುಗಿಸಿ, ಅದೇ ಛತ್ರಿ ಹಿಡಿದುಕೊಂಡು ಖರೇನೇ ಕಾಶಿಗೆ ಹೋದರು. ಅಂದಿನಿಂದ ಅತ್ತೆಯ ಪಾಲಿಗೆ ತಪ್ಪೆಲ್ಲ ನಿನ್ನ ಬಾಯಿಯದು.

ಇನ್ನು ಕಾಶಿ. ಅಲ್ಲಿ ನೀರು ಹೊರುವವನೂ ಶಾಸ್ತ್ರ ಆಡುತ್ತಾನೆ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿದೆಯೇ? ನಮಗೆ ಸಿಕ್ಕ ನೀರಿನವನಿಗೆ ನನ್ನ ಸೆರಗು ತಾಕಿತು. ಅವನು ಆಡಿದ್ದು ಶಾಸ್ತ್ರವಲ್ಲ, ಮೈದುನ ಅರ್ಥ ಹೇಳಲಿಲ್ಲ. ಗಲ್ಲಿಗಳು ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಗೂಳಿ ಬಂದರೆ ಯಾರದೋ ಮನೆಯ ಹೊಸ್ತಿಲು ಹತ್ತಿ ನಿಲ್ಲಬೇಕು. ಘಾಟಿನ ಪುರೋಹಿತರಾದ ಪಂಡಾಗಳು ನಮ್ಮ ಗೋತ್ರ, ಊರು, ಅಜ್ಜನ ಹೆಸರು ಕೇಳುತ್ತ ಬೆನ್ನು ಹತ್ತಿದರು. ಮಂಗ ಒಂದು ಅತ್ತೆಯವರ ಜಪಮಾಲೆ ಕಸಿದುಕೊಂಡು ಮಾಡು ಹತ್ತಿತು. ಗಂಗೆ ಮಾತ್ರ ಸುಳ್ಳಲ್ಲ ಬಾಳೂ. ಮುಂಜಾನೆ ಮೆಟ್ಟಿಲ ಮೇಲೆ ನಿಂತಾಗ ನೀರು ಕೆಂಪಾಗುತ್ತ ಬಂತು, ನನಗೆ ಅಳು ಬಂತು. ಯಾಕೆಂದು ಕೇಳಬೇಡ. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರಬೇಕಲ್ಲ, ಅತ್ತೆ ಹಾಗಲಕಾಯಿ ಬಿಟ್ಟರು. ಅವರು ಹುಟ್ಟಿದಾಗಿನಿಂದ ಹಾಗಲಕಾಯಿ ಮುಟ್ಟಿದವರಲ್ಲ. ಮಾವನವರು ಇದ್ದಿದ್ದರೆ ನಗುತ್ತಿದ್ದರು.

ನಿನಗೆ ಬೇಕಾದದ್ದು ನಿನ್ನ ಭಾವ ಇರುವ ವಿದ್ಯಾಪೀಠದ ಸುದ್ದಿಯಲ್ಲವೇ? ಅದು ಊರ ಹೊರಗೆ, ಟಾಂಗಾದಲ್ಲಿ ಹೋಗಬೇಕು. ನಾನು ಕಲ್ಪಿಸಿಕೊಂಡದ್ದು ಹಳೆಯ ಕಲ್ಲಿನ ಮಂಟಪ, ಜಮಖಾನೆಯ ಮೇಲೆ ಕೂತು ವಾದ ಮಾಡುವ ಪಂಡಿತರು. ಅಲ್ಲಿ ಇರುವುದು ನಮ್ಮ ಊರಿನ ದಂಡಿನ ಕ್ಯಾಂಪಿನ ಹಾಗೆ ನೆಟ್ಟನೆಯ ರಸ್ತೆ, ಇನ್ನೂ ಸುಣ್ಣದ ವಾಸನೆಯ ದೊಡ್ಡ ದೊಡ್ಡ ಕಟ್ಟಡಗಳು, ಮೊಳಕಾಲೆತ್ತರದ ಸಸಿಗಳು. ಪುಣ್ಯದ ಲೆಕ್ಕ ಹಾಕಿ ಅತ್ತೆ ಜ್ಯೇಷ್ಠಮಾಸವನ್ನೇ ಆರಿಸಿದ್ದರು, ಆಗ ಅಲ್ಲಿ ರಜೆ! ಎಲ್ಲ ಕೋಣೆಗಳಿಗೂ ಬೀಗ. ಕಿಟಕಿಯ ಗಾಜಿಗೆ ಮೂಗು ಹಚ್ಚಿ ಬೆಂಚುಗಳನ್ನು ನೋಡಿ ಬಂದೆವು. ಮಾಳಿಗೆ ಮೇಲೆ ಹತ್ತಿಸಿ ನಿನ್ನ ಭಾವ ಅದು ಇಂಥದ್ದು, ಇದು ಇಂಥದ್ದು ಎಂದು ಬೆರಳು ಮಾಡಿ ತೋರಿಸಿದರು. ಮುಖ ಅರಳಿತ್ತು. ಇನ್ನು ನೂರು ವರ್ಷಕ್ಕೆ ಈ ಸಸಿಗಳು ಹೇಗೆ ನೆರಳು ಕೊಡುತ್ತವೆ ಎಂದು ಹೇಳಿದರು. ನನಗೆ ಆ ದಿನದ ಬಿಸಿಲಿನದೇ ಚಿಂತೆ. ಪಂಡಾಗಳೂ ನಮಗೆ ಕಾಶಿಯನ್ನು ಹೀಗೆಯೇ ತೋರಿಸಿದ್ದರು.

ನಿನ್ನ ಭಾವನ ಕೋಣೆಯಲ್ಲಿ ಮಂಚ ಒಂದೇ, ಪುಸ್ತಕದ ರಾಶಿ ಮೊಳಕಾಲೆತ್ತರ. ಮೂಲೆಯ ಗೂಟಕ್ಕೆ ಆ ಛತ್ರಿ ತೂಗುತ್ತಿತ್ತು, ಬೆತ್ತದ ಹಿಡಿ ಸವೆದು ಹೊಳೆಯುತ್ತಿತ್ತು. ಅದನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನನ್ನೇ ಜೋಪಾನ ಮಾಡಿಟ್ಟಿದ್ದಾರೆ ಎಂಬ ಹಾಗೆ. ಹುಚ್ಚಿ ನಾನು.

ಘಾಟಿನಲ್ಲಿ ನಮ್ಮ ಮಾತು ಕೇಳಿ ಒಬ್ಬ ಮುದುಕಿ ಓಡಿ ಬಂದು ಕೈ ಹಿಡಿದಳು. ಪದ್ಮವ್ವನೆಂದು ಹೆಸರು, ನಿಮ್ಮ ತಾಲೂಕಿನ ಬೀಡಿ ಊರಿನವಳು. ಕಾಶಿಯಲ್ಲೇ ಸಾಯಬೇಕೆಂದು ಬಂದು ಕೂತಿದ್ದಾಳೆ, ಸಾವು ಬರವಲ್ಲದು, ಮಾತು ಮಾತ್ರ ನಮ್ಮ ಕಡೆಯದು ಬೇಕು. ಅವಳಿರುವ ಮನೆಯ ಮಾಳಿಗೆಯಲ್ಲಿ ಎರಡು ಕೋಣೆ ಖಾಲಿ ಇವೆಯೆಂದು ತಾನೇ ಹೇಳಿದಳು. ನಾನು ಒಬ್ಬಳೇ ಹೋಗಿ ನೋಡಿ ಬಂದೆ. ಒಲೆಗೆ ಜಾಗ ಇತ್ತು, ಕಿಟಕಿಯಿಂದ ನೀರು ಕಾಣುತ್ತಿತ್ತು. ಈಳಿಗೆಮಣೆ ಎಲ್ಲಿ ಇಡಬೇಕೆಂದೂ ನೋಡಿಕೊಂಡೆ.

ಅವತ್ತು ಧರ್ಮಶಾಲೆಯಲ್ಲಿ ಟ್ರಂಕಿನ ತಳದ ಸಾಮಾನು ತೆಗೆದು ಝುಣಕ ಭಕ್ಕರಿ ಮಾಡಿದೆ. ನಿನ್ನ ಭಾವ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ಅತ್ತೆಗೂ ಧೈರ್ಯ ಬಂದಿರಬೇಕು. "ಮಾರ್ತಾಂಡಾ, ಎಷ್ಟ ದಿವಸ ಖಾನಾವಳಿ ಊಟ? ಇಕಿ ಇಲ್ಲೇ ಇರಲಿ" ಎಂದರು. ನಾನು ಎರಡು ಕೋಣೆಯ ವಿಷಯ ಹೇಳಿದೆ. ಅವರು ಕೈ ತೊಳೆದುಕೊಂಡರು, ಒರಸಿಕೊಂಡರು.

"ನೋಡೂಣು" ಅಂದರು.

ನಿನ್ನ ಪ್ರಶ್ನೆಗೆ ಇದೇ ಉತ್ತರ. ಇಲ್ಲ ಅನ್ನಲಿಲ್ಲ. ಅವರಿಗೆ ಸಿಟ್ಟಿಲ್ಲ, ಇನ್ನೊಂದು ಸಂಸಾರವೂ ಇಲ್ಲ. ಹಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಅಲ್ಲಿ ಸುಖವಾಗಿದ್ದಾರೆ ಬಾಳೂ, ಅಷ್ಟೇ. ಇದ್ದ ದಿನಗಳೆಲ್ಲ ಆ ಒಂದು ಶಬ್ದ ಹಿಡಿದುಕೊಂಡು ಘಾಟು ಹತ್ತಿದೆ, ಇಳಿದೆ. ನಾಗರಪಂಚಮಿ ಹಬ್ಬ ಮುಗಿದ ಮೇಲೆ ಪತ್ರ ಬರೆದಾರು. ನೋಡೋಣ ಅಂದವರು ನೋಡಲೇಬೇಕಲ್ಲ. ಅವ್ವನಿಗೆ ಹಾಗೆಯೇ ಹೇಳು.

ಪಂಚಮಿಗೆ ನನ್ನನ್ನು ಕರೆಯಲು ಬರಬೇಡ. ಅತ್ತೆಗೆ ಮೊಣಕಾಲು ನೋವು, ಮೇಲೆ ಜಡಿಮಳೆ. ಜೋಕಾಲಿ ಆಡುವ ವಯಸ್ಸೂ ನನ್ನದಲ್ಲ. ಗಂಗಾಜಲದ ತಂಬಿಗೆ ಯಾರ ಕೈಯಲ್ಲಾದರೂ ಕಳಿಸುತ್ತೇನೆ, ಅವ್ವನ ದೇವರ ಮುಂದೆ ಇಡು. ನೀನು ಬೆಚ್ಚಗಿರು, ನೆನೆದುಕೊಂಡು ಸಾಲೆಗೆ ಹೋಗಬೇಡ, ಹುಡುಗರನ್ನು ಬಡಿಯಬೇಡ. ನಿನಗೆ ಆಯುಷ್ಯ ಹೆಚ್ಚಲಿ, ಮನೆ ತುಂಬುವ ಹೆಂಡತಿ ಬರಲಿ, ಬಂದವಳನ್ನು ಹತ್ತಿರ ಇಟ್ಟುಕೊಳ್ಳುವ ಬುದ್ಧಿ ನಿನಗಿರಲಿ.

ನಿನ್ನ ಅಕ್ಕ,
ಕಾಂತಾ

ತಾ. ಕ. ಅವ್ವನಿಗೆ ಓದಿ ಹೇಳುವಾಗ ಇದನ್ನು ಬಿಡು. ಪಂಚಮಿಗೆ ಬರಬೇಡವೆಂದು ಮೇಲೆ ಬರೆದದ್ದು ಸುಳ್ಳು, ಬಾ. ಟ್ರಂಕು ಇನ್ನೂ ಬಿಚ್ಚಿಲ್ಲ, ಇದ್ದ ಹಾಗೇ ಎತ್ತಿಕೊಂಡು ಹೋಗಲು ಬರುತ್ತದೆ.

ನಾವು ಕಾಶಿಯಿಂದ ಹೊರಟ ದಿನ ನಿನ್ನ ಭಾವ ಸ್ಟೇಶನ್ನಿಗೆ ಬಂದಿದ್ದರು. ಕೈಯಲ್ಲಿ ಆ ಛತ್ರಿ. ಬಿಸಿಲಿಗೆ ತಂದಿದ್ದಾರೆ ಎಂದುಕೊಂಡೆ. ಗಾಡಿ ಬಿಡುವ ಹೊತ್ತಿಗೆ ಕಿಟಕಿಯೊಳಗಿಂದ ನನ್ನ ಕೈಗೆ ಕೊಟ್ಟು, ಬೆಳಗಾವಿಗೆ ಮಳೆ ಹತ್ತಿರಬೇಕು, ಇಟ್ಟುಕೋ ಅಂದರು. ಕಾಶಿಯಾತ್ರೆಯ ಛತ್ರಿ ನನ್ನ ಕೈಯಲ್ಲಿತ್ತು, ಹೊರಟವಳು ನಾನಾಗಿದ್ದೆ, "ಹೋಗಬ್ಯಾಡ" ಅನ್ನಬೇಕಾದವರು ಎದುರಿಗೇ ನಿಂತಿದ್ದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಸಿಳ್ಳು ಆಯಿತು.

"ಹೋಗು" ಅಂದರು.

ಅತ್ತೆ ಇನ್ನೂ ನಿನ್ನನ್ನೇ ಬೈಯುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ನೀನಾದರೂ ಅವತ್ತು "ಬರ್ರಿ" ಅಂದಿದ್ದೆ, ತಮ್ಮಾ.