ಸಂಪಿಗೆಕಟ್ಟೆಯ ತೂಬು ತೆಗೆದವರು ನಾವೇ

ನಿವೇಶನ ಹಂಚುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

"ಅಂಥಾ ಜಾಗದಲ್ಲಿ ಯಾಕಮ್ಮಾ ಮನೆ ಕಟ್ಟಿದ್ರಿ?" ಎಂದು ಹೋದ ಮಳೆಗಾಲದಲ್ಲಿ ತಾವು ನನ್ನನ್ನು ಕೇಳಿದಿರಿ. ತಾವು ಫ್ಯಾನಿನ ಕೆಳಗೆ ಕೂತಿದ್ದಿರಿ, ನಾನು ಮೊಣಕಾಲಿನವರೆಗೆ ಒದ್ದೆಯಾದ ಸೀರೆಯಲ್ಲಿ ನಿಂತಿದ್ದೆ. ಆವತ್ತು ಅಳು ಒತ್ತರಿಸಿ ಬಂದು ಉತ್ತರ ಹೇಳಲಾಗಲಿಲ್ಲ. ಈಗ ಅಳು ನಿಂತಿದೆ, ಹೇಳುತ್ತೇನೆ. ಅಂಥಾ ಜಾಗವನ್ನು ನಿವೇಶನವೆಂದು ಕೊಟ್ಟವರು ತಾವು. ಅಲ್ಲಿಯ ನೀರು ಹೊರಗೆ ಹೋಗದಂತೆ ಕಾಂಕ್ರೀಟ್ ಹಾಕಿಸಿದವರೂ ತಾವು. ಅದರಿಂದಾಗಿ ನನ್ನ ಗಂಡ ರಾಮಚಂದ್ರಪ್ಪನವರು ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಮನೆಯಲ್ಲೇ ಮಲಗಲಾರದಂತಾದರು. ಇದನ್ನು ಇಡೀ ಶಿವಮೊಗ್ಗ ಓದಲಿ ಎಂದೇ ಪತ್ರಿಕೆಗೆ ಕೊಡುತ್ತಿದ್ದೇನೆ.

ಜನ ಎಲ್ಲಿ ನೆಲೆ ನಿಲ್ಲುತ್ತಾರೆ, ಯಾಕೆ ನಿಲ್ಲುತ್ತಾರೆ ಎಂಬ ಪಾಠವನ್ನು ಭದ್ರಾವತಿಯ ಶಾಲೆಯಲ್ಲಿ ವರ್ಷ ವರ್ಷವೂ ಮಾಡಿದವಳು ನಾನು. ಅಲ್ಲಿಯ ಮಕ್ಕಳಿಗೆ ಪುಸ್ತಕ ತೆರೆಯುವ ಅಗತ್ಯವೇ ಇರಲಿಲ್ಲ. ಗುಡ್ಡದಲ್ಲಿ ಅದಿರು, ಕಾಡಿನಲ್ಲಿ ಸೌದೆ, ಪಕ್ಕದಲ್ಲಿ ಭದ್ರೆ. ಈ ಮೂರೂ ಕೂಡಿದ್ದಕ್ಕೇ ಅಲ್ಲಿ ಕಬ್ಬಿಣದ ಕಾರ್ಖಾನೆ ಎದ್ದದ್ದು, ಅವರ ಅಜ್ಜಂದಿರು ಸೇಲಂ ಕಡೆಯಿಂದ, ಅನಂತಪುರದ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದದ್ದು. ನನ್ನ ಮಾವನವರೂ ಚನ್ನಗಿರಿ ಕಡೆಯಿಂದ ಹಾಗೇ ಬಂದವರು. ನೀರಿರುವ ಕಡೆ ಜನ ಸೇರುತ್ತಾರೆ, ಆದರೆ ನೀರು ಹರಿಯುವ ದಾರಿ ಬಿಟ್ಟು ಮನೆ ಕಟ್ಟುತ್ತಾರೆ. ಇದು ಐದನೇ ತರಗತಿಯ ಪಾಠ. ತಮ್ಮ ಕಚೇರಿಯಲ್ಲಿ ಬಡಾವಣೆಯ ನಕ್ಷೆ ಬರೆದವರು ಆ ದಿನ ಶಾಲೆಗೆ ಚಕ್ಕರ್ ಹೊಡೆದಿದ್ದರೋ ಏನೋ!

ನಾವು ಹೇಗೆ ಮೋಸ ಹೋದೆವು, ಅದನ್ನೂ ಕೇಳಿ. ಕಾರ್ಖಾನೆ ಸೊರಗಿತು, ಸ್ವಯಂ ನಿವೃತ್ತಿ ಬಂತು, ನಾವು ಕ್ವಾರ್ಟರ್ಸ್ ಬಿಡಬೇಕಾಯಿತು. ನಮ್ಮವರ ಜೊತೆ ಫರ್ನೇಸಿನ ಮುಂದೆ ಬೆಂದವರೆಲ್ಲ ತಮ್ಮ ಕಚೇರಿಯ ಜಾಹೀರಾತು ನೋಡಿ, ಏಪ್ರಿಲ್ ಬಿಸಿಲಿನಲ್ಲಿ ಹೆಂಡಿರನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು. ಬೇಕಾದ ನಿವೇಶನ ಆರಿಸಿಕೊಳ್ಳಿ ಎಂದಿದ್ದಿರಿ. ಬೇರೆಯವರಾದರೆ ದಿಕ್ಕು ನೋಡುತ್ತಿದ್ದರು, ರಸ್ತೆ ನೋಡುತ್ತಿದ್ದರು. ನಮ್ಮ ಗಂಡಸರು ಹಾರೆ ತಂದಿದ್ದರು. ಫರ್ನೇಸಿನ ಬಾಯಿಗೆ ಸಲಾಕೆ ಚುಚ್ಚಿ ಒಳಗಿನದು ಕರಗಿದೆಯೋ ಇಲ್ಲವೋ ಎಂದು ನೋಡಿ ಅಭ್ಯಾಸವಾದ ಕೈಗಳು, ನಿವೇಶನಗಳನ್ನೂ ಚುಚ್ಚಿ ಚುಚ್ಚಿ ನೋಡಿದವು. ದಿಬ್ಬದ ಕಡೆ ಹಾರೆ ಠಣ್ ಎಂದಿತು. ತಗ್ಗಿನಲ್ಲಿ ಸಲೀಸಾಗಿ ಇಳಿದು, ತುದಿಗೆ ಹಸಿ ಮಣ್ಣು ಮೆತ್ತಿಕೊಂಡು ಬಂತು.

"ದಾಕ್ಷಾಯಣೀ, ಬಾರೇ ಇಲ್ಲಿ!" ಎಂದು ನಮ್ಮವರು ಕೂಗಿದರು. "ಈ ಬಿಸ್ಲಲ್ಲೂ ಇಷ್ಟು ತೇವ ಐತೆ ನೋಡು. ಬಾವಿ ತೋಡಿದ್ರೆ ನೀರು ಕೈಗೇ ಸಿಗುತ್ತೆ. ಇನ್ನು ನೀನು ನಲ್ಲಿ ಹತ್ರ ಕೊಡ ಇಟ್ಕೊಂಡು ಜಗಳ ಆಡೋದು ತಪ್ತು ಮಾರಾಯ್ತಿ!"

ಕ್ವಾರ್ಟರ್ಸಿನ ಬೀದಿ ನಲ್ಲಿಯ ಮುಂದೆ ಅರ್ಧ ಆಯಸ್ಸು ಕಳೆದ ಹೆಂಗಸರು ನಾವು. ದಿಬ್ಬದ ಮೇಲೆ ನಿವೇಶನ ಖಾಲಿ ಇದ್ದರೂ ಬೇಡವೆಂದು, ತಗ್ಗಿನದಕ್ಕೇ ಮುಗಿಬಿದ್ದೆವು. ತಮ್ಮ ಸರ್ವೇಯರ್ ಪಕ್ಕದಲ್ಲೇ ನಿಂತಿದ್ದ. ಅದು ಹೂಳು ತುಂಬಿದ ಸಂಪಿಗೆಕಟ್ಟೆ ಕೆರೆಯ ಅಂಗಳ ಎಂದು ಅವನಿಗೆ ಗೊತ್ತಿತ್ತು. "ಒಳ್ಳೆ ಸೆಲೆಕ್ಷನ್ ಸಾರ್" ಎಂದ. ಆ ಒಂದು ಮಾತಿಗಾಗಿ ಅವನನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ಮನೆ ಕಟ್ಟಿ ಸೇರಿದ ಮೊದಲ ಮಳೆಗಾಲದಲ್ಲೇ ಬಾವಿಯ ನೀರು ತಾನಾಗಿ ಅಡುಗೆಮನೆಗೆ ಬಂತು. ಗ್ಯಾಸ್ ಸಿಲಿಂಡರ್ ತೇಲುತ್ತದೆಂದು ನನಗೆ ಗೊತ್ತಾದದ್ದು ಆಗ. ನೀರು ಇಳಿದ ಮೇಲೂ ಗೋಡೆ ಒಣಗಲಿಲ್ಲ. ಕಾರ್ಖಾನೆಯ ಹೊಗೆ, ದೂಳು ಮೊದಲೇ ಎದೆಯಲ್ಲಿ ತುಂಬಿಕೊಂಡಿದ್ದ ನಮ್ಮವರಿಗೆ ಆ ಥಂಡಿ ತಡೆಯಲಿಲ್ಲ. ಈ ಮನೆಯಲ್ಲಿಟ್ಟುಕೊಂಡರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ರವೀಂದ್ರನಗರದಲ್ಲಿರುವ ನನ್ನ ತಂಗಿ ಯಶೋಧರಾಳ ಮನೆಗೆ ಅವರನ್ನು ಕಳಿಸಿದೆ. ಖಾಲಿ ಬಿಟ್ಟರೆ ಕಿಟಕಿ ಬಾಗಿಲೂ ಉಳಿಯುವುದಿಲ್ಲವೆಂದು ನಾನು ಇಲ್ಲೇ ಉಳಿದೆ. ಅಂದಿನಿಂದ ಮಳೆಗಾಲ ಬಂತೆಂದರೆ ಅವರು ಅಲ್ಲಿ, ನಾನು ಇಲ್ಲಿ. ಯಾರ ಹಂಗಿನಲ್ಲೂ ಇರದ ಮನುಷ್ಯ ನಾದಿನಿಯ ಮನೆಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲವಂತೆ. "ಭಾವ ಬ್ಯಾಗಿಂದ ಬಟ್ಟೇನೇ ತೆಗ್ದಿಡಲ್ಲ ಕಣೇ ಅಕ್ಕ. ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ ಅಂತಾನೇ ಇರ್ತಾರೆ" ಎಂದು ಯಶೋಧರಾ ಹೇಳಿದಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಆ ಬೆಂಕಿ ಹೊತ್ತುಕೊಂಡೇ ತಮ್ಮ ಕಚೇರಿಗೆ ಬಂದದ್ದು. ತಾವು ಅದಕ್ಕೆ ಪ್ರಕೃತಿ ವಿಕೋಪ ಎಂದು ಹೆಸರಿಟ್ಟು ಕಳಿಸಿದಿರಿ.

ಈ ಬೇಸಿಗೆಯಲ್ಲಿ ನಾವೆಲ್ಲ ಕೆರೆಯ ಏರಿಯ ಬುಡ ಹಿಡಿದು ನಡೆದು ನೋಡಿದೆವು. ಏರಿಯ ಮೇಲೆ ಈಗ ಟಾರು ರಸ್ತೆ ಇದೆ. ಅದರ ಕೆಳಗೆ, ಕೆರೆಯ ತಳದ ನೀರನ್ನು ಆಚೆಗಿನ ಗದ್ದೆಗಳಿಗೆ ಬಿಡುತ್ತಿದ್ದ ಹಳೇ ಕಲ್ಲಿನ ತೂಬು ಗಟ್ಟಿಮುಟ್ಟಾಗಿ ಕೂತಿದೆ. ಅದರ ಬಾಯಿಗೆ ಮಾತ್ರ ಕಾಂಕ್ರೀಟ್ ಮೆತ್ತಲಾಗಿದೆ. ಯಾಕೆಂದು ತಿಳಿಯಲು ರಸ್ತೆ ದಾಟಿದರೆ ಸಾಕು. ತೂಬಿನ ಕಾಲುವೆ ಹರಿಯುತ್ತಿದ್ದ ಜಾಗದಲ್ಲಿ ತಮ್ಮ ಸರ್ಕಾರಿ ನಿವಾಸ, ಅದರ ಮುಂದೆ ಹುಲ್ಲುಹಾಸು, ಹುಲ್ಲುಹಾಸಿನಲ್ಲಿ ಒಂದು ಉಯ್ಯಾಲೆ! ತಮ್ಮ ಉಯ್ಯಾಲೆಯ ಕಾಲು ನೆನೆಯಬಾರದೆಂದು ನಮ್ಮ ಬಡಾವಣೆಯನ್ನು ಕೆರೆ ಮಾಡಿದಿರಿ. ಪ್ರಕೃತಿಗೆ ಕಾಂಕ್ರೀಟ್ ಕಲಸಲು ಬರುತ್ತದೆಯೇ, ಸ್ವಾಮಿ?

ಸಾಲದ್ದಕ್ಕೆ ಮೇ ತಿಂಗಳಲ್ಲಿ ತಮ್ಮ ನೋಟಿಸು ಬಂತು. ನಾವು ಕೆರೆ ಒತ್ತುವರಿ ಮಾಡಿದ್ದೇವಂತೆ. ನೀರಿನ ಹರಿವಿಗೆ ಅಡ್ಡವಾಗಿರುವುದನ್ನೆಲ್ಲ ಕೂಡಲೇ ತೆರವುಗೊಳಿಸಬೇಕಂತೆ. ಮಾರಿದವರೇ ಬಂದು ಕೊಂಡವರನ್ನು ಕಳ್ಳರೆನ್ನುವುದನ್ನು ಗಾಂಧಿ ಬಜಾರಿನ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ಆದರೂ ಸರ್ಕಾರದ ಆಜ್ಞೆ ಮೀರುವ ಜನ ನಾವಲ್ಲ. ಹರಿವಿಗೆ ಅಡ್ಡವಾಗಿ ನಮಗೆ ಕಂಡದ್ದು ಒಂದೇ. ಆ ವಾರದ ಭಾನುವಾರವೇ ಹಾಡಹಗಲು, ದಾರಿಹೋಕರೆಲ್ಲ ನೋಡುತ್ತಿರುವಾಗಲೇ ನಮ್ಮ ಗಂಡಸರು ಹಾರೆ ಹಿಡಿದು ತೂಬಿನ ಬಾಯಿ ಬಿಡಿಸಿದರು. ಹೆಂಗಸರು ಮಜ್ಜಿಗೆ ಹಂಚಿದೆವು.

ಹೋದ ವಾರ ಮುಂಗಾರು ಹಿಡಿಯಿತು. ನಮ್ಮ ಅಡುಗೆಮನೆಯ ನೆಲ ಒಣಗಿಯೇ ಇತ್ತು. ಮಳೆ ಜೋರಾದ ಬೆಳಿಗ್ಗೆ ತಮ್ಮ ನಿವಾಸದ ಕಾವಲುಗಾರ ಪುಟ್ಟಯ್ಯ ಪ್ಯಾಂಟು ಮಡಚಿಕೊಂಡು ನಮ್ಮ ಬಾಗಿಲಿಗೆ ಬಂದ.

"ಅಮ್ಮಾ, ಸಾಹೇಬ್ರ ಮನೆ ಹಾಲ್‌ಗೆಲ್ಲ ನೀರು ನುಗ್ಗೈತೆ. ಮೇಡಮ್ಮೋರು ಮಂಚ ಬಿಟ್ಟು ಇಳೀತಿಲ್ಲ. ತೂಬು ಮುಚ್ಚಿಸ್ಬೇಕಂತೆ."

"ನೀನು ಒಳಗೆ ಬಾ ಪುಟ್ಟಯ್ಯ, ಬಿಸಿ ಕಾಫಿ ಕುಡಿ. ತೂಬು ಮಾತ್ರ ಮುಚ್ಚಲ್ಲ ಅಂತ ಹೇಳು" ಎಂದೆ.

ನನಗೆ ಸಂತೋಷವಾಯಿತು, ಮುಚ್ಚುಮರೆ ಏಕೆ? ಹೆಂಗಸಾಗಿ ಇನ್ನೊಬ್ಬ ಹೆಂಗಸಿನ ಕಷ್ಟಕ್ಕೆ ಮರುಗಬೇಕಿತ್ತು, ಮರುಗಲಿಲ್ಲ. ಆದರೂ ತಮ್ಮ ಶ್ರೀಮತಿಯವರಿಗೆ ಉಪಯೋಗವಾಗಲೆಂದು ಒಂದೆರಡು ಮಾತು. ಅಕ್ಕಿ ಡಬ್ಬ ಅಟ್ಟಕ್ಕೆ ಹಾಕಲಿ. ಸಿಲಿಂಡರನ್ನು ಕಿಟಕಿಯ ಸರಳಿಗೆ ಕಟ್ಟಲಿ. ಸೋಫಾದ ಆಸೆ ಬಿಡಲಿ. ಹಾವು ಬಂದರೆ ಕಿರುಚದೆ ಬಾಗಿಲು ತೆರೆದಿಡಲಿ, ಪಾಪ, ಅದೂ ಒಣ ಜಾಗ ಹುಡುಕಿಕೊಂಡೇ ಬಂದಿರುತ್ತದೆ.

ಈಗ ನಮ್ಮ ಬೇಡಿಕೆ. ತಗ್ಗಿನಲ್ಲಿರುವವರಿಗೆಲ್ಲ ದಿಬ್ಬದ ಮೇಲೆ ಬದಲಿ ನಿವೇಶನ ಕೊಟ್ಟು ಮನೆ ಕಟ್ಟಿಸಿಕೊಡಿ. ಅಲ್ಲಿಯವರೆಗೆ ತಮ್ಮ ಕಾಂಪೌಂಡು ಒಡೆದು ಕಾಲುವೆಯನ್ನು ಅದರ ದಾರಿಗೆ ಬಿಡಿ. ಎರಡೂ ಆಗದಿದ್ದರೆ ಮಳೆಗಾಲ ಮುಗಿಯುವವರೆಗೆ ಅದೇ ಹಾಲ್‌ನಲ್ಲಿ ಸಂಸಾರ ಮಾಡಿ, ಗೆಸ್ಟ್ ಹೌಸಿಗೆ ಓಡಬೇಡಿ.

ಪೊಲೀಸರನ್ನು ಕಳಿಸಿ ತೂಬು ಮುಚ್ಚಿಸುವ ಯೋಚನೆಯಿದ್ದರೆ ಒಂದು ವಿಷಯ ತಿಳಿದಿರಲಿ. ಸೋಮವಾರ ನಮ್ಮವರು ನನ್ನ ತಂಗಿಯ ಮನೆಯಿಂದ ಆಟೋ ಮಾಡಿಕೊಂಡು ಮನೆಗೆ ಬಂದುಬಿಟ್ಟಿದ್ದಾರೆ. ಬೆಳಿಗ್ಗೆ ತಿಂಡಿ ಮುಗಿಸಿ, ಕೊಡೆ ಹಿಡಿದುಕೊಂಡು, ಮಡಚುವ ಕುರ್ಚಿಯನ್ನು ತೂಬಿನ ಮುಂದೆ ಹಾಕಿ ಕೂರುತ್ತಾರೆ. ಕೆಮ್ಮು ಬಿಟ್ಟಿಲ್ಲ. ಒಳಗೆ ಬನ್ನಿ ಎಂದು ಕರೆದರೆ, "ಮುಚ್ಚೋರು ಬರ್ಲಿ ಕಣೇ. ಮೊದ್ಲು ನನ್ನ ಮೇಲೆ ಕಾಂಕ್ರೀಟ್ ಹಾಕ್ಲಿ" ಎನ್ನುತ್ತಾರೆ. ತೂಬು ಮುಚ್ಚಬೇಕಾದರೆ ಅವರನ್ನು ಅಲ್ಲಿಂದ ಎತ್ತಲೇಬೇಕು. ಎತ್ತುವುದಕ್ಕೆ ಯಾರನ್ನೂ ಕಳಿಸಬೇಡಿ, ತಾವೇ ಬನ್ನಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಇಂತಿ,
ನೀರಿನ ದಾರಿಯಲ್ಲಿ ತಮಗಿಂತ ಒಂದು ಮನೆ ಮೇಲಿರುವ ನೆರೆಯವಳು,
ದಾಕ್ಷಾಯಣಿ ರಾಮಚಂದ್ರಪ್ಪ
ನಿವೃತ್ತ ಶಿಕ್ಷಕಿ, ಸಂಪಿಗೆಕಟ್ಟೆ ಕೆರೆಯಂಗಳ, ಶಿವಮೊಗ್ಗ