ಎಂಟು ಹಾಸಿಗೆಗಳಿಗೆ ಹಾಕಿದ ಬೀಗ ಮತ್ತು ಒಬ್ಬ ನರ್ಸಿನ ಅಮಾನತು

ಆರೋಗ್ಯ ಇಲಾಖೆಯ ಮೇಲಧಿಕಾರಿಗಳಾದ ಮಾನ್ಯರೇ,

ಆಸ್ಪತ್ರೆಯ ಬೀಗ ಒಡೆದದ್ದು ನಾನು. ಅಮಾನತಾಗಿರುವುದು ನರ್ಸ್ ದ್ರಾಕ್ಷಾಯಣಿ. ಇದನ್ನು ತಿಳಿಸಿ ನಿಮ್ಮ ಕಚೇರಿಗೆ ಎರಡು ಪತ್ರ ಬರೆದೆ. ಎರಡಕ್ಕೂ ಸ್ವೀಕೃತಿ ಬಂತು, ಉತ್ತರ ಬರಲಿಲ್ಲ. ಆದ್ದರಿಂದ ಮೂರನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಬೆಳಗಿನ ಚಹದ ಜೊತೆ ಪತ್ರಿಕೆ ಓದುವ ಅಭ್ಯಾಸ ನಿಮಗಿದೆ ಎಂದು ಕೇಳಿ ಬಲ್ಲೆ.

ನಾನು ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಕಂಪ್ರೆಸರ್ ನಡೆಸಿ ನಿವೃತ್ತನಾದವನು. ನಮ್ಮಪ್ಪ ಧಾರವಾಡದ ಕಡೆಯಿಂದ ಬಂದು ಅಲ್ಲಿಯೇ ಬಿದಿರು ಹೊತ್ತವರು. ಯಂತ್ರದ ಮುಂದೆ ಬದುಕು ಕಳೆದವನಿಗೆ ಒಂದು ಶಿಸ್ತು ರಕ್ತದಲ್ಲಿ ಇಳಿದಿರುತ್ತದೆ. ಮತ್ತೊಬ್ಬನು ಹಾಕಿದ ಬೀಗಕ್ಕೆ ಕೈ ಹಚ್ಚಬಾರದು. ಯಂತ್ರದೊಳಗೆ ಯಾರೋ ಕೆಲಸ ಮಾಡುತ್ತಿರಬಹುದು, ಬೀಗ ತೆಗೆದು ಸ್ವಿಚ್ ಹಾಕಿದರೆ ಅವನ ಪ್ರಾಣ ಹೋದೀತು. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ನಾನು ಬೀಗ ಮುರಿಯುವ ಜಾತಿಯ ಮನುಷ್ಯನಲ್ಲ ಎಂಬುದು ನಿಮಗೆ ಗೊತ್ತಿರಲಿ.

ಆ ಆಸ್ಪತ್ರೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಜನ ಓಡಾಡುವ ಈ ಸೀಮೆಯಲ್ಲಿದೆ ಎಂದಷ್ಟೇ ಹೇಳುತ್ತೇನೆ. ರಿಬ್ಬನ್ ಕತ್ತರಿಸಿದ್ದು ನೀವೇ, ಹಾಗಾಗಿ ನಿಮಗೆ ಮರೆತಿರಲಾರದು. ಕೊರೊನಾದ ಎರಡನೆಯ ಅಲೆಯಲ್ಲಿ ಜನ ಉಸಿರು ಸಿಗದೆ ಸತ್ತ ಮೇಲೆ ಅಲ್ಲಿ ಎಂಟು ಹಾಸಿಗೆಗಳ ಹೊಸ ವಾರ್ಡು ಬಂತು. ಹಿಂದಿನ ಶೆಡ್ಡಿನಲ್ಲಿ ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಯಂತ್ರ ಬಂತು. ಉದ್ಘಾಟನೆಯ ದಿನ ನಿಮ್ಮ ಭಾಷಣಕ್ಕೆ ನಾನೂ ಚಪ್ಪಾಳೆ ತಟ್ಟಿದ್ದೆ. ಸಂಜೆ ಹೊತ್ತಿಗೆ ಬಾಗಿಲಿಗೆ ಬೀಗ ಬಿತ್ತು. ಯಂತ್ರ ನಡೆಸಲು ತಂತ್ರಜ್ಞನ ಹುದ್ದೆ ಮಂಜೂರಾಗಿಲ್ಲ, ಹಸ್ತಾಂತರದ ಕಾಗದ ಪೂರ್ಣಗೊಂಡಿಲ್ಲ ಎಂದರು. ಕೀಲಿ ಲಕೋಟೆಯೊಳಗೆ ಕುಳಿತು ನಿಮ್ಮ ಕಚೇರಿಗೆ ಪ್ರಯಾಣ ಮಾಡಿತು. ಏಳು ತಿಂಗಳು ಅಲ್ಲಿ ಸುಖವಾಗಿತ್ತು.

ಜನವರಿಯಲ್ಲಿ ಮೂರನೆಯ ಅಲೆ ಬಂದಾಗ ನೀವು ಹೇಳಿಕೆ ಕೊಟ್ಟಿರಿ, ಈ ಅಲೆ ಸೌಮ್ಯ, ಜನ ಆತಂಕಪಡಬಾರದು ಎಂದು. ಯಾರಿಗೆ ಸೌಮ್ಯ, ಮಾನ್ಯರೇ? ಆಸ್ಪತ್ರೆಯ ಒಂಬತ್ತು ನರ್ಸುಗಳಲ್ಲಿ ಐವರು ಜ್ವರದಿಂದ ಮಲಗಿದ್ದರು. ಉಳಿದ ಡಾಕ್ಟರ್ ಒಬ್ಬರೇ. ಜೋಯಿಡಾದ ಚಳಿಯಲ್ಲಿ ಎರಡು ಬಸ್ಸು ಬದಲಿಸಿ ಬಂದ ಮುದುಕರು ಕಾರಿಡಾರಿನಲ್ಲಿ ಚಾಪೆಯ ಮೇಲೆ ಮಲಗಿದ್ದರು. ನನ್ನ ಹೆಂಡತಿ ಮಾಲವ್ವನಿಗೆ ಮೊದಲಿಂದಲೂ ದಮ್ಮು. ಸಂಕ್ರಾಂತಿಯ ಮರುದಿನ ಆಕೆಯನ್ನು ಕರೆದೊಯ್ದಾಗ ಆಕೆಗೂ ಸಿಕ್ಕಿದ್ದು ಅದೇ ಕಾರಿಡಾರು. ಪಕ್ಕದ ಚಾಪೆಯಲ್ಲಿ ಗೋದುಬಾಯಿ. ಸೂಪಾ ಅಣೆಕಟ್ಟಿನಿಂದಾಚೆ ಕಾಡಿನೊಳಗಿನ, ನಾಲ್ಕೈದು ಮನೆಗಳ ಒಂದು ವಾಡೆಯವರು. ಕೊಂಕಣಿ ಬಿಟ್ಟರೆ ಬೇರೆ ಮಾತು ಬಾರದು. ಜೊತೆಗೆ ಮಗಳು ರೂಪಾಲಿ, ಸಂತೆಗೆ ಬಂದು ಕಲಿತಷ್ಟು ಕನ್ನಡ ಆಡುತ್ತಿದ್ದಳು.

ಹನ್ನೊಂದು ಜನರಿಗೆ ನಾಲ್ಕು ಸಿಲಿಂಡರ್. ದ್ರಾಕ್ಷಾಯಣಿ ಬೆರಳಿಗೆ ಸಿಕ್ಕಿಸುವ ಮೀಟರ್ ಹಿಡಿದು ಚಾಪೆಯಿಂದ ಚಾಪೆಗೆ ಹೋಗುತ್ತಿದ್ದಳು. ಯಾರ ಅಂಕಿ ಹೆಚ್ಚು ಕುಸಿದಿದೆಯೋ ಅವರಿಗೆ ಮಾಸ್ಕ್. ಮಾಲವ್ವನ ಮುಖದಿಂದ ತೆಗೆದು ಗೋದುಬಾಯಿಗೆ ಹಾಕುತ್ತಿದ್ದಳು, ಸ್ವಲ್ಪ ಹೊತ್ತಿಗೆ ಅವರಿಂದ ತೆಗೆದು ಮಾಲವ್ವನಿಗೆ. ತನ್ನ ಹೆಂಡತಿಯ ಉಸಿರು ಇನ್ನೊಬ್ಬರ ಪಾಲಾಗುವುದನ್ನು ನೋಡುತ್ತ ಕುಳಿತವನ ಮನಸ್ಸಿನಲ್ಲಿ ಏನೇನು ಬರುತ್ತದೆ ಎಂದು ನಾನು ಬರೆಯಲಾರೆ. ಒಳ್ಳೆಯದಲ್ಲ ಎಂದಷ್ಟೇ ಹೇಳಬಲ್ಲೆ. ಹುಬ್ಬಳ್ಳಿಗೆ ಒಯ್ಯೋಣವೆಂದರೆ ಅಂಬುಲೆನ್ಸ್ ಬೇರೊಬ್ಬರನ್ನು ಬಿಡಲು ಹೋಗಿತ್ತು.

ಅವರು ಮಲಗಿದ್ದ ಜಾಗದಿಂದ ಬೀಗ ಹಾಕಿದ ವಾರ್ಡಿಗೆ ಹತ್ತು ಹೆಜ್ಜೆ. ಬಾಗಿಲ ಗಾಜಿನಿಂದ ಎಂಟು ಹಾಸಿಗೆಗಳು ಕಾಣುತ್ತಿದ್ದವು. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ.

ದ್ರಾಕ್ಷಾಯಣಿ ಅಂದು ಬೆಳಗಿನಿಂದ ನಿಮ್ಮ ಕಚೇರಿಗೆ ಆರು ಸಲ ಫೋನ್ ಮಾಡಿದ್ದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸೂಕ್ತ ಮಾರ್ಗದಲ್ಲಿ ಪ್ರಸ್ತಾವನೆ ಕಳುಹಿಸಿ, ನಾಳೆ ಕೀಲಿ ಬರುತ್ತದೆ ಎಂಬ ಉತ್ತರ ಬಂತು. ಯಾವ ಮೀಟಿಂಗು ಎಂದು ನಾನು ಆಮೇಲೆ ವಿಚಾರಿಸಿದೆ. ಮೂರನೆಯ ಅಲೆಯ ಪೂರ್ವಸಿದ್ಧತೆಯ ಮೀಟಿಂಗಂತೆ.

ಮಧ್ಯಾಹ್ನ ಆಕೆ ನನ್ನ ಬಳಿ ಬಂದು ನಿಂತಳು.

“ಕಾಕಾ, ನೀವು ಮಿಲ್ಲಿನ್ಯಾಗ ಕಂಪ್ರೆಸರ್ ಮ್ಯಾಲ ಇದ್ರಂತ ಮಾಲವ್ವಾರು ಹೇಳಿದ್ರು. ಹಿಂದಿನ ಶೆಡ್ಡಿನಾಗ ಒಂದು ಮಷೀನ್ ಐತಿ. ನಡಸಾಕ ಬರ್ತೈತೇನ್ರಿ ನಿಮಗ?”

ನಾನು ಕಿಟಕಿಯಿಂದ ಯಂತ್ರ ನೋಡಿ ಬಂದೆ. ಬರುತ್ತಿತ್ತು. ಆದರೆ ನಾನು ಆಡಿದ ಮಾತು ಇದು:

“ಬರಬಹುದ್ರಿ ಅಕ್ಕಾರ. ಆದ್ರ ಬೀಗ ಸರಕಾರದ್ದು. ನಾಳೆ ಕೀಲಿ ಬರ್ತೈತಿ ಅಂದಾರಲ್ಲ, ನಾಳೆ ನೋಡೂಣು.”

ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಗೋದುಬಾಯಿ ತೀರಿಕೊಂಡರು. ಕೀಲಿ ಬಂದಿರಲಿಲ್ಲ. ಮಾಸ್ಕ್ ಆಗ ನನ್ನ ಹೆಂಡತಿಯ ಮುಖದ ಮೇಲಿತ್ತು. ರೂಪಾಲಿ ಅಳಲಿಲ್ಲ. ತಾಯಿಯ ಸೆರಗು ಸರಿಮಾಡಿದಳು, ಎದ್ದು ನಿಂತಳು, ಗಾಜಿನ ಬಾಗಿಲು ತೋರಿಸಿ ದ್ರಾಕ್ಷಾಯಣಿಯನ್ನು ಕೇಳಿದಳು, “ಅದರಾಗ ಹಾಸಿಗಿ ಅದಾವಂತ. ಖರೇ ಏನ್ರಿ?”

“ಖರೇ ಐತವ್ವ,” ಎಂದಳು ದ್ರಾಕ್ಷಾಯಣಿ. ಆ ಪ್ರಶ್ನೆಗೆ ನಿಮ್ಮ ಇಲಾಖೆಯಲ್ಲಿ ಬೇರೆ ಉತ್ತರವಿದ್ದರೆ ದಯವಿಟ್ಟು ರೂಪಾಲಿಯ ವಿಳಾಸಕ್ಕೆ ಕಳುಹಿಸಿ. ಸೂಕ್ತ ಮಾರ್ಗದಲ್ಲಿಯೇ ಕಳುಹಿಸಿ.

ಶವ ಸಾಗಿಸಿದ ಮೇಲೆ ದ್ರಾಕ್ಷಾಯಣಿ ಡ್ಯೂಟಿ ರಿಜಿಸ್ಟರ್ ತೆರೆದು ಬರೆದಳು: ರೋಗಿಗಳ ಪ್ರಾಣಾಪಾಯದ ಕಾರಣ ವಾರ್ಡು ಮತ್ತು ಶೆಡ್ಡಿನ ಬೀಗ ತೆಗೆಸುತ್ತಿದ್ದೇನೆ, ಜವಾಬ್ದಾರಿ ನನ್ನದು. ಸಮಯ ಹಾಕಿ ಸಹಿ ಮಾಡಿದಳು. ನನಗೆ ಓದಿ ಹೇಳಿ, “ನಾ ಬರದೇನ್ರಿ ಕಾಕಾ. ನೀವು ಬರೇ ಮಷೀನ್ ನೋಡ್ರಿ,” ಎಂದಳು. ನಾನು ಹೊರಗೆ ನಿಂತಿದ್ದ ಜೀಪಿನಿಂದ ಜಾಕ್ ರಾಡ್ ತಂದೆ. ಎರಡು ಬೀಗಗಳಿಗೆ ಐದು ನಿಮಿಷ ಹಿಡಿಯಿತು. ಡಾಕ್ಟರ್ ಆ ಹೊತ್ತಿಗೆ ಇನ್ನೊಂದು ಕಡೆ ಮುಖ ಮಾಡಿ ನಿಂತಿದ್ದರು. ಆದರೆ ಬಾಗಿಲು ತೆರೆದಾಗ ಮೊದಲ ರೋಗಿಯನ್ನು ಒಳಗೆ ಎತ್ತಿ ತಂದವರು ಅವರೇ.

ಈಗ ದ್ರಾಕ್ಷಾಯಣಿಗೆ ನೀವು ಕೊಟ್ಟ ನೋಟಿಸಿನ ಮುಖ್ಯ ಆರೋಪಕ್ಕೆ ಬರುತ್ತೇನೆ. ಅನಧಿಕೃತ ವ್ಯಕ್ತಿಯಿಂದ ಯಂತ್ರ ನಡೆಸಿ ರೋಗಿಗಳ ಜೀವವನ್ನು ಅಪಾಯಕ್ಕೆ ಒಡ್ಡಲಾಯಿತು ಎಂದಿದ್ದೀರಿ. ಯಂತ್ರ ತಪ್ಪಾಗಿ ನಡೆದರೆ ಜೀವ ಹೋಗುತ್ತದೆ ಎಂಬ ಮಾತು ಸರಿ. ಅದಕ್ಕಾಗಿಯೇ ನಾನು ಯಂತ್ರದ ಮೇಲಿದ್ದ ಕಂಪನಿಯ ನಂಬರಿಗೆ ಫೋನ್ ಹಚ್ಚಿದೆ. ಪುಣೆಯ ಒಬ್ಬ ಎಂಜಿನಿಯರ್ ಎರಡು ತಾಸು ಫೋನ್ ಇಡಲಿಲ್ಲ. ಗಾಳಿ ಹೀರುವ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿತ್ತು, ಅದನ್ನು ತೆಗೆದೆ. ಪೈಪಿನಲ್ಲಿ ನಿಂತ ನೀರು ಬಸಿದೆ. ಶುದ್ಧತೆಯ ಮೀಟರ್ ಮೊದಲು ಶೇಕಡಾ ಎಪ್ಪತ್ತೊಂದು ತೋರಿಸಿತು, ಆಮೇಲೆ ಎಂಬತ್ತನಾಲ್ಕು. ಒಳಗಿರುವುದು ನನ್ನ ಹೆಂಡತಿ, ಆದರೂ ವಾಲ್ವ್ ತಿರುಗಿಸಲಿಲ್ಲ. ರೋಗಿಗೆ ಕೊಡಲು ಬೇಕಾದ ತೊಂಬತ್ತಮೂರಕ್ಕೆ ಬಂದು ನಿಂತು, ಎಂಜಿನಿಯರ್ ಹೂಂ ಅಂದು, ಡಾಕ್ಟರ್ ಖುದ್ದು ನೋಡಿದ ಮೇಲೆಯೇ ತಿರುಗಿಸಿದೆ. ಇಷ್ಟಕ್ಕೂ ಅಧಿಕೃತ ವ್ಯಕ್ತಿ ಎಲ್ಲಿದ್ದ, ಮಾನ್ಯರೇ? ಏಳು ತಿಂಗಳಲ್ಲಿ ಒಬ್ಬನನ್ನು ಕಳುಹಿಸಲಾಗದ ಇಲಾಖೆ, ಬಂದು ನಿಂತವನನ್ನು ಅನಧಿಕೃತ ಎಂದು ಕರೆಯಲು ಮಾತ್ರ ಒಂದೇ ವಾರ ತೆಗೆದುಕೊಂಡಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಎಂಟೂ ಹಾಸಿಗೆ ತುಂಬಿದವು. ಹತ್ತೊಂಬತ್ತು ದಿನ ಆ ಯಂತ್ರ ನಿಲ್ಲಲಿಲ್ಲ. ನಾನು, ನನ್ನ ಜೊತೆ ನಿವೃತ್ತರಾದ ಇಬ್ಬರು, ಪಾಳಿಯಂತೆ ಅದರ ಮುಂದೆ ಕುಳಿತೆವು. ನಮ್ಮ ಓಣಿಯ ಸುಶೀಲವ್ವ ಹೆಂಗಸರನ್ನು ಕೂಡಿಸಿ ದಿನಾ ಗಂಜಿ, ಬಿಸಿನೀರು ಕಳುಹಿಸಿದಳು. ಕರೆಂಟು ಹೋಗಿ ಜನರೇಟರಿಗೆ ಡೀಸೆಲ್ ಇಲ್ಲದಾದಾಗ ಹಳಿಯಾಳ ಕಡೆಯ ರೈತ ನಾಗಲಿಂಗಪ್ಪ, ತಮ್ಮನನ್ನು ನೋಡಲು ಬಂದವರು, ತಮ್ಮ ಟ್ರ್ಯಾಕ್ಟರಿನ ಟ್ಯಾಂಕಿಗೆ ಪೈಪು ಹಾಕಿ ಬಸಿದುಕೊಟ್ಟರು. ಹಾಸಿಗೆ ಸಿಕ್ಕ ಇಪ್ಪತ್ತಮೂರು ಜನರಲ್ಲಿ ಇಬ್ಬರು ಉಳಿಯಲಿಲ್ಲ. ಇಪ್ಪತ್ತೊಂದು ಜನ ತಮ್ಮ ಕಾಲಮೇಲೆ ಮನೆಗೆ ಹೋದರು. ಮಾಲವ್ವ ಅವರಲ್ಲಿ ಒಬ್ಬಳು.

ನಿಮ್ಮ ಕೀಲಿ ಒಂಬತ್ತನೆಯ ದಿನ ಬಂತು, ಸರಕಾರಿ ಜೀಪಿನಲ್ಲಿ. ತಂದವನು ಕೀಲಿ ತೂರಿಸಲು ಬೀಗ ಹುಡುಕಿದ. ಆ ತಿಂಗಳ ನಿಮ್ಮ ವರದಿಯಲ್ಲಿ ಹೀಗಿದೆಯಂತೆ: ಇಲಾಖೆಯ ಸಕಾಲಿಕ ಕ್ರಮದಿಂದ ಎಂಟು ಹಾಸಿಗೆಗಳ ಆಕ್ಸಿಜನ್ ವಾರ್ಡು ಕಾರ್ಯಾರಂಭ ಮಾಡಿದೆ. ಜೊತೆಗೆ ಫೋಟೋ. ಅದೇ ವಾರ ಅದೇ ಸಹಿಯಿಂದ ದ್ರಾಕ್ಷಾಯಣಿಯ ಅಮಾನತಿನ ಆದೇಶ. ಆಧಾರ ಯಾವುದು? ಆಕೆ ರಿಜಿಸ್ಟರಿನಲ್ಲಿ ಬರೆದ ಆ ಎರಡು ಸಾಲು. ಸುಳ್ಳು ಬರೆದಿದ್ದರೆ, ಬೀಗ ತುಕ್ಕು ಹಿಡಿದು ಬಿತ್ತು ಎಂದು ಬರೆದಿದ್ದರೆ, ಆಕೆ ಇಂದು ಕೆಲಸದಲ್ಲಿರುತ್ತಿದ್ದಳು. ನಿಮ್ಮ ಇಲಾಖೆಗೆ ಬೇಕಾದ ನೌಕರರು ಅಂಥವರೇ ಏನು?

ವಿಚಾರಣೆಯ ದಿನ ರೂಪಾಲಿ ಜೋಯಿಡಾ ಕಡೆಯ ರಾಮನಗರಕ್ಕೆ ನಡೆದು ಬಂದು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದಳು. ನರ್ಸಬಾಯಿಯವರ ತಪ್ಪಿಲ್ಲ ಎಂದು ಹೇಳಬೇಕಿತ್ತು ಆಕೆಗೆ. ನಿಮ್ಮ ಗುಮಾಸ್ತರು ಪಟ್ಟಿ ನೋಡಿ, ಈಕೆ ಪ್ರಕರಣಕ್ಕೆ ಸಂಬಂಧಪಟ್ಟವಳಲ್ಲ ಎಂದು ಹೊರಗೆ ಕೂರಿಸಿದರು. ಸಂಜೆಯವರೆಗೆ ಕುಳಿತು ಹೋದಳು. ತಾಯಿಯನ್ನು ಕಳೆದುಕೊಂಡವಳು ಸಂಬಂಧಪಟ್ಟವಳಲ್ಲದಿದ್ದರೆ ಇನ್ಯಾರು? ಬೀಗವೇ?

ಹೋದ ವಾರ ನಾನು ಮುಂಡಗೋಡ ತಾಲೂಕಿಗೆ ಹೋಗಿ ದ್ರಾಕ್ಷಾಯಣಿಯನ್ನು ಕಂಡೆ. ಅತ್ತಿವೇರಿ ಹತ್ತಿರ ತವರುಮನೆಯಲ್ಲಿದ್ದಾಳೆ. ಡಾಕ್ಟರ್ ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲವೆಂದು ನಾನು ಸಿಟ್ಟು ಮಾಡಿದೆ. ಆಕೆ ಮಾಡಲಿಲ್ಲ. ಹೇಳಿದ್ದು ಇಷ್ಟೇ:

“ಅಮಾನತಿನ ಬ್ಯಾಸರ ಇಲ್ರಿ ಕಾಕಾ. ಬೀಗ ಒಂದು ದಿನ ಮೊದಲ ತಗೀಬೇಕಿತ್ತು. ಅದನ್ನ ಯಾಕ ತಗೀಲಿಲ್ಲ ಅಂತ ಯಾರೂ ಕೇಳವಲ್ರು.”

ನಾನು ತಲೆ ತಗ್ಗಿಸಿದೆ. ಆ ಒಂದು ದಿನ ಆಕೆಯದಲ್ಲ, ನನ್ನದು. ಆಕೆ ಕೇಳಿದ್ದಳು, ನಾನು ನಾಳೆ ಎಂದಿದ್ದೆ. ಆ ನಾಳೆಯನ್ನು ನನಗೆ ಕೊಟ್ಟದ್ದು ನಿಮ್ಮ ಕಚೇರಿ ಎಂದು ನಿಮ್ಮ ಮೇಲೆ ಹೊರಿಸಬಹುದು, ಹೊರಿಸುತ್ತಲೂ ಇದ್ದೇನೆ. ಆದರೆ ನನ್ನ ಪಾಲು ನನಗೆ ಗೊತ್ತು. ನಿಮ್ಮ ಪಾಲು ನಿಮಗೆ ಗೊತ್ತೇ ಎಂಬುದೇ ಈ ಪತ್ರದ ಪ್ರಶ್ನೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ದ್ರಾಕ್ಷಾಯಣಿಯ ಅಮಾನತನ್ನು ರದ್ದು ಮಾಡಿ, ಆಕೆಯನ್ನು ಅದೇ ಆಸ್ಪತ್ರೆಗೆ, ಅದೇ ವಾರ್ಡಿಗೆ ಮರಳಿ ಕಳುಹಿಸಿ. ಬೀಗ ಒಡೆದದ್ದಕ್ಕೆ ಕೇಸು ಹಾಕಲೇಬೇಕಿದ್ದರೆ ನನ್ನ ಮೇಲೆ ಹಾಕಿ, ಕೆಳಗೆ ಹೆಸರು, ಊರು ಇದೆ. ಯಂತ್ರಕ್ಕೆ ತಂತ್ರಜ್ಞನನ್ನು ನೇಮಿಸಿ, ಯಾಕೆಂದರೆ ನನಗೆ ವಯಸ್ಸಾಗಿದೆ ಮತ್ತು ಮುಂದಿನ ಚಳಿಗಾಲ ದೂರವಿಲ್ಲ.

ಇನ್ನೊಂದಿದೆ. ಹಾಸಿಗೆಯ ಸಂಖ್ಯೆ ಇರಲಿಲ್ಲವಾದ್ದರಿಂದ, ಕಾರಿಡಾರಿನಲ್ಲಿ ಸತ್ತವರು ನಿಮ್ಮ ವರದಿಯಲ್ಲಿ ಇಲ್ಲ. ಆ ದಿನದ ಸಾವಿನ ಕಾಲಮ್ಮಿನಲ್ಲಿ ಸೊನ್ನೆ ಇದೆ. ಅದನ್ನು ತಿದ್ದಿ. ಗೋದುಬಾಯಿ ನಮ್ಮ ಆಸ್ಪತ್ರೆಯಲ್ಲಿ ಸತ್ತರು ಎಂದು ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾಕೆ ಎಂದು ಬರೆಯಿರಿ. ಯಾಕೆ ಎಂಬಲ್ಲಿ ಜಾಗ ಸಾಲದಿದ್ದರೆ ಹೆಚ್ಚಿನ ಹಾಳೆ ಲಗತ್ತಿಸಿ.

ಇಂತಿ,
ಯಾವ ಹುದ್ದೆಯಲ್ಲೂ ಇಲ್ಲದ್ದರಿಂದ ನಿಮ್ಮ ಕೈಯಿಂದ ಅಮಾನತಾಗಲು ಬಾರದ,
ಬಾಳೇಶ ದ್ಯಾಮಪ್ಪ ಬಡಿಗೇರ
ನಿವೃತ್ತ ಕಂಪ್ರೆಸರ್ ಆಪರೇಟರ್, ದಾಂಡೇಲಿ