ದಾಸ್ತಾನು ಹೆಚ್ಚಾದ ಬಗ್ಗೆ

ಪ್ರೀತಿಯ ಕೊಕ್ಕೆ ಮೇಡಂ,

ಬೆನ್ನ ಹಿಂದೆ ನಾವೆಲ್ಲ ನಿಮ್ಮನ್ನು ಹೀಗೇ ಕರೆಯುತ್ತಿದ್ದೆವು. ಯಾವ ಅರ್ಜಿ ಬಂದರೂ ಒಂದು ಕೊಕ್ಕೆ ಹಾಕದೆ ನೀವು ಬಿಟ್ಟದ್ದುಂಟೇ? ನಾಳೆ ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯಿಂದ ನಿವೃತ್ತರಾಗುತ್ತಿದ್ದೀರಿ. ಇನ್ನೇನು ಹೆದರಿಕೆ, ಹೇಳಿಬಿಡುತ್ತೇನೆ.

ನಮ್ಮ ಮೊದಲ ಜಗಳ ನೆನಪಿದೆಯೇ? ನನ್ನ ಪ್ರಯೋಗಾಲಯದ ಬಸವನಹುಳುಗಳನ್ನು ನಿಮ್ಮ ಕಚೇರಿಯವರು ಕುರ್ಚಿ, ಕಪಾಟುಗಳ ಜೊತೆ ದಾಸ್ತಾನಿಗೆ ಸೇರಿಸಿದ್ದರು, ಒಂದೊಂದಕ್ಕೂ ನಂಬರ್ ಚೀಟಿ ಅಂಟಿಸಬೇಕೆಂಬ ನಿಯಮದ ಸಮೇತ. ವರ್ಷದ ಕೊನೆಗೆ ಎಣಿಸಲು ಬಂದವರು ಕಂಗಾಲಾದರು. ಕಳೆದುಹೋದ ಕುರ್ಚಿ ಅವರಿಗೆ ಗೊತ್ತಿತ್ತು, ಹೆಚ್ಚಾದ ಕುರ್ಚಿ ಗೊತ್ತಿರಲಿಲ್ಲ. ‘ದಾಸ್ತಾನು ಹೆಚ್ಚಾದ ಬಗ್ಗೆ ವಿವರಣೆ ಕೊಡಿ’ ಎಂದು ನಿಮ್ಮ ಸಹಿಯ ನೋಟಿಸು ಬಂತು, ಹುಳುಗಳಿದ್ದ ಕೋಣೆಗೆ ಬೀಗವೂ ಬಿತ್ತು. ‘ಮರಿಗಳಾಗಿವೆ’ ಎಂದು ಬರೆದುಕೊಟ್ಟೆ. ‘ಯಾರ ಅನುಮತಿ ಪಡೆದು?’ ಎಂದು ಕಾಗದ ವಾಪಸು ಬಂತು.

ಈಗ ನಗು ಬರುತ್ತದೆ, ಅಂದು ಸಿಟ್ಟು ನೆತ್ತಿಗೇರಿತ್ತು. ಒಡೆದ ಚಿಪ್ಪನ್ನು ಅವು ತಾವೇ ಹೇಗೆ ಸರಿಮಾಡಿಕೊಳ್ಳುತ್ತವೆ ಎಂಬುದೇ ನನ್ನ ಸಂಶೋಧನೆ. ಬೀಗ ಬಿದ್ದ ಕೋಣೆಯ ಮಣ್ಣಿನಲ್ಲಿ ಮೊಟ್ಟೆಗಳಿದ್ದವು. ಮಣ್ಣು ಒಣಗಿದರೆ ಮರಿಗಳೂ ಇಲ್ಲ, ನನ್ನ ವರ್ಷಗಳ ದುಡಿಮೆಯೂ ಇಲ್ಲ. ನಿಮ್ಮ ಕೋಣೆಗೆ ನುಗ್ಗಿ ಬಾಯಿಗೆ ಬಂದಂತೆ ಕೂಗಾಡಿದೆ. ನೀವು ಕನ್ನಡಕ ತೆಗೆದಿಟ್ಟು, “ಆಯ್ತಮ್ಮಾ, ಕೂಗಾಡಿದ್ದು ಸಾಕು. ನಡಿ, ತೋರ್ಸು” ಎಂದು ಬೀಗದ ಕೈ ಹಿಡಿದು ಎದ್ದಿರಿ.

ಮಣ್ಣಿಗೆ ನೀರು ಚಿಮುಕಿಸಿ ಇಬ್ಬರೂ ನೆಲದ ಮೇಲೆ ಕೂತೆವು. ಎಷ್ಟೋ ಹೊತ್ತಿನ ಮೇಲೆ ಮೆಣಸಿನ ಕಾಳಿನಷ್ಟು ಮರಿಯೊಂದು ಮೇಲೆ ಬಂದು ನಿಮ್ಮ ಬೆರಳು ಹತ್ತಿತು. ನೀವು ಉಸಿರು ಬಿಗಿಹಿಡಿದು, “ಇದಕ್ಕೆ ಎಲ್ಲಮ್ಮಾ ನಂಬರ್ ಅಂಟಿಸೋದು?” ಎಂದಿರಿ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಕೆಲವೇ ದಿನಗಳಲ್ಲಿ ನಿಮ್ಮ ಆದೇಶ ಹೊರಟಿತು: ಜೀವ ಇರುವುದನ್ನು ದಾಸ್ತಾನಿಗೆ ಸೇರಿಸುವಂತಿಲ್ಲ. ನಿಮ್ಮ ಕಚೇರಿಗೆ ಹೊಸದಾಗಿ ಸೇರುವವರು ಮೊದಲು ಪ್ರಯೋಗಾಲಯದಲ್ಲಿ ಕೂತು ಕೆಲಸ ನೋಡಬೇಕು. ಸಹಿ ಹಾಕುವವರೆಲ್ಲ ಒಂದೇ ಮೇಜಿಗೆ ಬಂದು, ಅರ್ಜಿ ಕೊಟ್ಟವರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು. ತಿಂಗಳುಗಟ್ಟಲೆ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದ ಅರ್ಜಿಗಳು ಚಹಾ ಆರುವುದರೊಳಗೆ ಇತ್ಯರ್ಥವಾಗತೊಡಗಿದವು. ಕೊಕ್ಕೆ ಹಾಕುವ ಚಟ ಮಾತ್ರ ನಿಮಗೆ ಹೋಗಲಿಲ್ಲ. ಹಾಕಿದ್ದನ್ನು ಬಿಡಿಸಿಕೊಳ್ಳುವ ದಾರಿಯನ್ನೂ ನೀವೇ ಹೇಳಿಕೊಡುತ್ತಿದ್ದಿರಿ.

ನಿಮ್ಮ ಬಗ್ಗೆ ನನಗೆಷ್ಟು ಪ್ರೀತಿ ಎಂದು ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಈ ಕಾಗದ, ಜೊತೆಗೊಂದು ಗಾಜಿನ ಪೆಟ್ಟಿಗೆ. ಒಳಗಿರುವ ಜೋಡಿ, ಅಂದು ನಿಮ್ಮ ಬೆರಳು ಹತ್ತಿದ ಮರಿಯ ವಂಶದ್ದು. ಮಣ್ಣು ಒಣಗಲು ಬಿಡಬೇಡಿ.

ನಿಮ್ಮ ಮನೆಯ ದಾಸ್ತಾನು ದಿನೇ ದಿನೇ ಹೆಚ್ಚಲಿ, ವಿವರಣೆ ಕೇಳುವವರು ಯಾರೂ ಇಲ್ಲದಿರಲಿ.

ನೀವು ಕರೆಯುತ್ತಿದ್ದ ಹಾಗೆ, ಎಂದೆಂದಿಗೂ ನಿಮ್ಮ,
ಹುಳದ ಹುಡುಗಿ